ಇಂಡೀ ಪಾಪ್

ಇಂಡೀ ಪಾಪ್ ಎಂಬುದು ೧೯೭೦ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಪಾಪ್ ಸಂಗೀತದ ಒಂದು ಪ್ರಕಾರ. ‘ಇಂಡೀ’ ಎಂಬುದು ‘ಇಂಡಿಪೆಂಡೆಂಟ್’ (ಸ್ವತಂತ್ರ) ಎಂಬ ಪದದ ಹ್ರಸ್ವರೂಪ. ಭಾರತದ ಚಲನಚಿತ್ರೇತರ ಪಾಪ್ ಗೀತೆಗಳನ್ನು ಸೂಚಿಸುವ ‘ಇಂಡಿಪಾಪ್’ ಇದಕ್ಕಿಂತ ಭಿನ್ನವಾದುದು.

ಉಗಮ

ಆ ಕಾಲದಲ್ಲಿ ಧ್ವನಿಮುದ್ರಿಕೆಗಳ ತಯಾರಿಕೆ ಮತ್ತು ಮಾರಾಟ ಬಹುಮಟ್ಟಿಗೆ ಕೆಲವೇ ದೊಡ್ಡ ಕಂಪನಿಗಳ ಹಿಡಿತದಲ್ಲಿದ್ದವು. ೧೯೭೭ರಲ್ಲಿ ಮ್ಯಾಂಚೆಸ್ಟರಿನ ಪಂಕ್ ತಂಡವಾದ ಬಝ್‌ಕಾಕ್ಸ್, ಸಾಲ ಪಡೆದ ಹಣದಿಂದ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಧ್ವನಿಮುದ್ರಿಕೆಯನ್ನು ತಾನೇ ಹೊರತಂದು, ಕಂಪನಿಗಳ ನೆರವಿಲ್ಲದ ಮಾರ್ಗವೊಂದಿದೆ ಎಂಬುದನ್ನು ತೋರಿಸಿತು. ೧೯೮೦ರಲ್ಲಿ ಗ್ಲಾಸ್ಗೋ ನಗರದ ಪೋಸ್ಟ್‌ಕಾರ್ಡ್ ರೆಕಾರ್ಡ್ಸ್ ಸಂಸ್ಥೆಯು ಆರೆಂಜ್ ಜ್ಯೂಸ್ ತಂಡದ ಮೊದಲ ಧ್ವನಿಮುದ್ರಿಕೆಯನ್ನು ಪ್ರಕಟಿಸಿತು.

ಲಕ್ಷಣಗಳು

ಈ ತಂಡಗಳು ಪಂಕ್ ಸಂಗೀತದ ಸ್ವಾವಲಂಬನೆಯನ್ನು ಉಳಿಸಿಕೊಂಡು ಅದರ ರೋಷವನ್ನು ಕೈಬಿಟ್ಟವು. ಇಂಪಾದ ರಾಗ, ಕಿಣಿಕಿಣಿಸುವ ಗಿಟಾರ್, ಅಲಂಕಾರವಿಲ್ಲದ ಸಹಜ ಕಂಠ ಹಾಗೂ ಪ್ರೇಮ, ಸಂಕೋಚ, ಏಕಾಂತಗಳ ಸಾಹಿತ್ಯ ಇದರ ಮುಖ್ಯ ಲಕ್ಷಣಗಳು.

ಅರ್ಥದ ಬದಲಾವಣೆ

ಬ್ರಿಟನ್ನಿನಲ್ಲಿ ೧೯೮೦ರಲ್ಲಿ ಆರಂಭವಾದ ಇಂಡೀ ಜನಪ್ರಿಯತಾ ಪಟ್ಟಿಗೆ ಸೇರಲು ಸ್ವತಂತ್ರ ವಿತರಣೆಯೇ ಅರ್ಹತೆಯಾಗಿತ್ತು, ಹಾಡಿನ ಶೈಲಿಯಲ್ಲ. ೧೯೮೬ರಲ್ಲಿ ಎನ್‌ಎಂಇ ಪತ್ರಿಕೆಯು ೨೨ ಹಾಡುಗಳ ‘ಸಿ೮೬’ ಕ್ಯಾಸೆಟ್ಟನ್ನು ಹೊರತಂದ ಬಳಿಕ ಪದವು ಕ್ರಮೇಣ ಶೈಲಿಯ ಹೆಸರಾಯಿತು. ಮುಂದೆ ದೊಡ್ಡ ಕಂಪನಿಗಳ ತಂಡಗಳೂ ‘ಇಂಡೀ’ ಎನಿಸಿಕೊಂಡವು. ಮೂಲ ಅರ್ಥವನ್ನು ಬಿಡದ ಬ್ರಿಸ್ಟಲ್ಲಿನ ಸಾರಾ ರೆಕಾರ್ಡ್ಸ್ (೧೯೮೭–೧೯೯೫) ತನ್ನ ನೂರನೆಯ ಪ್ರಕಟಣೆಯೊಂದಿಗೆ ಸ್ವಇಚ್ಛೆಯಿಂದ ಕಾರ್ಯ ನಿಲ್ಲಿಸಿತು.