ಮನೆಯೂಟವಿದ್ದೂ ಮುನಿದ ಹೊಟ್ಟೆ

ಬೆಳಗಿನ ಒಂಬತ್ತೂವರೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಮಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೆಂಗಳೂರಿನ ಕಚೇರಿಯವರೊಂದಿಗೆ ಮಾತಿನಲ್ಲಿದ್ದಾನೆ. “ಆರಿ ಹೋಗ್ತದ, ಬಾರಪಾ” ಎಂದು ತಾಯಿ ಮೂರು ಸಲ ಕರೆದದ್ದಾಯಿತು. ಕೊನೆಗೊಮ್ಮೆ ಬಂದವನು ಅರ್ಧ ರೊಟ್ಟಿ ಮುರಿದು, ತಟ್ಟೆ ಸರಿಸಿ, “ಹೊಟ್ಟಿ ಸರಿ ಇಲ್ಲವ್ವಾ” ಎಂದು ಎದ್ದುಬಿಟ್ಟ.

ರಾಯಚೂರಿನ ಯಾವ ಓಣಿಯಲ್ಲಾದರೂ, ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ, ಇಂಥದೊಂದು ಮನೆ ಸಿಕ್ಕೀತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಬೆಂಗಳೂರು, ಹೈದರಾಬಾದುಗಳಿಂದ ಬ್ಯಾಗು ಹೊತ್ತು ಊರು ಸೇರಿದ ಮಕ್ಕಳೊಂದಿಗೆ ‘ಮನೆಯಿಂದಲೇ ಕೆಲಸ’ ಎಂಬ ಹೊಸ ಪದ್ಧತಿಯೂ ಊರು ಸೇರಿತು. ಸ್ಪರ್ಧಾತ್ಮಕ ಪರೀಕ್ಷೆಗೆಂದು ಮನೆಯಲ್ಲೇ ಕುಳಿತು ಓದುವವರದೂ ಇದೇ ದಿನಚರಿ. ಹೊಟ್ಟೆ ಕೆಟ್ಟದ್ದಕ್ಕೆಲ್ಲ ಹೋಟೆಲು, ಹಾಸ್ಟೆಲ್ಲುಗಳನ್ನು ದೂರುತ್ತಿದ್ದ ತಂದೆತಾಯಿಗಳಿಗೆ ಆಗ ಒಂದು ನೆಮ್ಮದಿ: ಇನ್ನು ಮನೆಯೂಟ, ಎಲ್ಲ ಸರಿಹೋಗುತ್ತದೆ. ಆದರೆ ಕೆಲವರ ಹೊಟ್ಟೆ ಸರಿಹೋಗಲಿಲ್ಲ. ಉಬ್ಬರ, ನುಲಿತ, ಒಂದು ವಾರ ಭೇದಿ, ಮುಂದಿನ ವಾರ ಮಲಬದ್ಧತೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದರೂ “ಏನೂ ಇಲ್ಲ” ಎಂಬ ಉತ್ತರ. ಏನೂ ಇಲ್ಲವೆಂದರೆ ನೋವೇಕೆ? ಇಲ್ಲಿಂದ ಮನೆಯಲ್ಲಿ ಮನಸ್ತಾಪ ಶುರು. ಓದಲು ಸೋಮಾರಿತನ ಎಂದು ಅಪ್ಪ, ದೃಷ್ಟಿ ಆಗಿದೆ ಎಂದು ಅಜ್ಜಿ, ಅಲ್ಸರ್ ಇರಬೇಕು ಎಂದು ನೆರೆಮನೆಯವರು.

ವೈದ್ಯರು ಇದನ್ನು ಐ.ಬಿ.ಎಸ್. ಎನ್ನುತ್ತಾರೆ. ‘ಕೆರಳಿದ ಕರುಳು’ ಎಂದರೆ ಅರ್ಥ ಸರಿಹೊಂದುತ್ತದೆ. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ಅದರ ನಡೆ ಮಾತ್ರ ತಪ್ಪಿದೆ. ಮಿದುಳಿಗೂ ಕರುಳಿಗೂ ನಡುವೆ ನರಗಳ ಮೂಲಕ ಹಗಲಿರುಳೂ ನಡೆಯುವ ಸಂದೇಶ ವಿನಿಮಯ ಎಲ್ಲೋ ಏರುಪೇರಾಗಿ, ಬೇರೆಯವರಿಗೆ ಗೊತ್ತೇ ಆಗದಷ್ಟು ವಾಯು ಇವರಿಗೆ ನೋವಾಗಿ ಕಾಣುತ್ತದೆ. ಪರೀಕ್ಷೆಯ ಭಯ ಅದನ್ನು ಹೆಚ್ಚಿಸುತ್ತದೆ ನಿಜ, ಆದರೆ ನೋವು ಮಗನ ಕಲ್ಪನೆಯಲ್ಲ. ಇದನ್ನು ಮೊದಲು ಒಪ್ಪಿಕೊಳ್ಳಬೇಕಾದವರು ಮನೆಯವರು. ದೇವದುರ್ಗದಿಂದ ಬಸ್ಸು ಹಿಡಿದು ರಾಯಚೂರಿಗೆ ಬಂದು ಪರೀಕ್ಷೆ ಬರೆಯಬೇಕಾದ ಹುಡುಗಿಯೊಬ್ಬಳಿಗೆ ಈ ತೊಂದರೆಯಿದ್ದರೆ ಅವಳು ಹಿಂದಿನ ರಾತ್ರಿಯಿಂದಲೇ ಊಟ ಬಿಡುತ್ತಾಳೆ. ಕಾರಣ ಯಾರಿಗೂ ಹೇಳುವುದಿಲ್ಲ. ಶೌಚಾಲಯದ ಮಾತು ಊಟದ ಮನೆಯಲ್ಲಿ ಆಡಬಾರದೆಂಬ ಸಂಕೋಚದಲ್ಲಿ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಒಬ್ಬರೇ ನರಳುತ್ತಾರೆ.

ನೀರಿನಿಂದ ಬಂದ ನೆನಪು

ರಾಯಚೂರಿನ ಮಟ್ಟಿಗೆ ಇನ್ನೊಂದು ಮಾತು ಸೇರಿಸಲೇಬೇಕು. ಕೃಷ್ಣೆ, ತುಂಗಭದ್ರೆಗಳ ನಡುವಿನ ನಾಡು ಇದು. ಆದರೂ 2022ರ ಮೇ ತಿಂಗಳ ಕೊನೆಯಲ್ಲಿ ನಗರದ ನಲ್ಲಿಗಳಲ್ಲಿ ಕಲುಷಿತ ನೀರು ಬಂದು ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಪ್ರಾಣ ಕಳೆದುಕೊಂಡರು. ಅಂಥ ವಾಂತಿಭೇದಿ ಒಂದು ವಾರದಲ್ಲಿ ನಿಂತರೂ ಕರುಳು ಅದನ್ನು ಅಷ್ಟು ಬೇಗ ಮರೆಯುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಕೆನಡಾ ದೇಶದ ವಾಕರ್ಟನ್ ಎಂಬ ಸಣ್ಣ ಪಟ್ಟಣದಲ್ಲಿ 2000ದ ಮೇ ತಿಂಗಳಲ್ಲಿ ಇಂಥದೇ ದುರಂತ ನಡೆಯಿತು. ಊರಿನ ಕುಡಿಯುವ ನೀರಿಗೆ ರೋಗಾಣು ಸೇರಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಅಲ್ಲಿನ ವೈದ್ಯರು ಆ ಜನರನ್ನು ಕೈಬಿಡದೆ ವರ್ಷಗಳ ಕಾಲ ಗಮನಿಸಿದರು. ಅಂದು ಕಾಯಿಲೆ ಬಿದ್ದವರಲ್ಲಿ ಕೆರಳಿದ ಕರುಳಿನ ತೊಂದರೆ, ಬೀಳದವರಿಗಿಂತ ಎಷ್ಟೋ ಪಾಲು ಹೆಚ್ಚಾಗಿತ್ತು. ಎಂಟು ವರ್ಷ ಕಳೆದ ಮೇಲೂ ಅದು ಪೂರ್ತಿ ಅಳಿದಿರಲಿಲ್ಲ! ಸಾಮಾನ್ಯವಾಗಿ ಕರುಳಿನ ಸೋಂಕು ತಗುಲಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ತೊಂದರೆ ಉಳಿದುಕೊಳ್ಳುತ್ತದೆ ಎಂಬುದು ತಜ್ಞರ ಅಂದಾಜು. ಆದ್ದರಿಂದ “ಯಾವಾಗಿನಿಂದ ಶುರುವಾಯಿತು?” ಎಂದು ವೈದ್ಯರು ಕೇಳಿದಾಗ ಹಿಂದೊಮ್ಮೆ ಬಂದಿದ್ದ ವಾಂತಿಭೇದಿಯನ್ನೂ ಹೇಳಬೇಕು. ನೀರು ಕುದಿಸಿ ಆರಿಸಿ ಕುಡಿಯುವುದು ಈ ಊರುಗಳಲ್ಲಿ ಪಥ್ಯದ ಮೊದಲ ಪಾಠ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಟ್ಟೂಬಿಡದೆ ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇವುಗಳಲ್ಲಿ ಒಂದಿದ್ದರೂ ಅದು ಬರೀ ಕೆರಳಿದ ಕರುಳಲ್ಲ. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ. ಕರುಳಿನ ಉರಿಯೂತದ ಕಾಯಿಲೆಗಳೂ ಹರೆಯದಲ್ಲೇ ತಲೆಯೆತ್ತುವುದುಂಟು. ಇವು ಪಥ್ಯದಿಂದ ಹೋಗುವಂಥವಲ್ಲ. ಮನೆಮದ್ದಿನಲ್ಲಿ ಆರು ತಿಂಗಳು ಕಳೆದರೆ ಆಗುವ ನಷ್ಟ ದೊಡ್ಡದು.

ಹಾಲು-ಬ್ರೆಡ್ಡಿನ ತಪ್ಪು

ಹೊಟ್ಟೆ ಕೆಟ್ಟ ಮಗನಿಗೆ ಮನೆಯಲ್ಲಿ ಮೊದಲು ನಿಲ್ಲಿಸುವುದು ಯಾವುದನ್ನು? ಜೋಳದ ರೊಟ್ಟಿಯನ್ನು. “ರೊಟ್ಟಿ ಜಡ, ಅರಗಲ್ಲ” ಎನ್ನುತ್ತಾರೆ. ಬದಲಿಗೆ ಕೊಡುವುದು? ಬೇಕರಿಯ ಬ್ರೆಡ್ಡು, ಬಿಸಿ ಹಾಲು, ಬಿಸ್ಕತ್ತು. ಎಷ್ಟೋ ಮಂದಿಯ ಪಾಲಿಗೆ ಇದು ತಲೆಕೆಳಗಾದ ಪಥ್ಯ!

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಶಕ್ತಿ ದಕ್ಷಿಣ ಭಾರತದ ವಯಸ್ಕರಲ್ಲಿ ಬಹಳ ಜನಕ್ಕೆ ಕಡಿಮೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು ವಾಯುವಾಗುತ್ತದೆ. ಅದೇ ಹಾಲು ಹೆಪ್ಪಾಗಿ ಮೊಸರಾದರೆ ಆ ಸಕ್ಕರೆಯ ಒಂದಂಶ ಆಗಲೇ ಕರಗಿರುತ್ತದೆ. ಹಾಲು ಒಗ್ಗದವರಿಗೂ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುವುದು ಇದರಿಂದ. ಗೋಧಿಯಲ್ಲಿ ಫ್ರಕ್ಟಾನ್ ಎಂಬ, ಮನುಷ್ಯರ ಕರುಳು ಒಡೆಯಲಾರದ ಶರ್ಕರವಿದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಲ್ಲಿಯೂ ಅದೇ ಇದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ವಾಯು ಹುಟ್ಟಿಸುವ ಶರ್ಕರಗಳನ್ನೆಲ್ಲ ಒಟ್ಟುಗೂಡಿಸಿ ‘ಫಾಡ್‌ಮ್ಯಾಪ್’ ಎಂದು ಕರೆದು, ಅವು ಕಡಿಮೆಯಿರುವ ಊಟದ ಕ್ರಮವನ್ನು ರೂಪಿಸಿದರು. ಅಕ್ಕಿ ಮತ್ತು ಜೋಳ, ಎರಡೂ ಆ ಲೆಕ್ಕದಲ್ಲಿ ಸಾಧು ಧಾನ್ಯಗಳು.

ಇದು ಈ ಜಿಲ್ಲೆಯ ಪುಣ್ಯ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಭತ್ತದ ಸೀಮೆ. ದೇವದುರ್ಗದ ಎರೆಹೊಲಗಳು ಜೋಳಕ್ಕೆ ಹೆಸರಾದವು. ಕೆರಳಿದ ಕರುಳಿಗೆ ಬೇಕಾದ ಧಾನ್ಯ ಪರದೇಶದಿಂದ ಬರಬೇಕಾಗಿಲ್ಲ, ಮನೆಯ ಡಬ್ಬಿಯಲ್ಲೇ ಇದೆ. ಜೋಳದಲ್ಲಿ ಗ್ಲೂಟನ್ ಎಂಬ ಅಂಟು ಇಲ್ಲವೆಂಬುದು ಇನ್ನೊಂದು ವಿಶೇಷ. ಸೀಲಿಯಾಕ್ ಎಂಬ ಕಾಯಿಲೆ ಇರುವವರ ಕರುಳಿಗೆ ಗೋಧಿಯ ಆ ಅಂಟೇ ವಿಷ. ಇದನ್ನು ಕಂಡುಕೊಂಡವನು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕ್. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಅವನ ದೇಶ ಹಸಿವಿನಿಂದ ತತ್ತರಿಸಿ ಬ್ರೆಡ್ಡೇ ಸಿಗದಂತಾದಾಗ ಸೀಲಿಯಾಕ್ ಇದ್ದ ಮಕ್ಕಳು ವಿಚಿತ್ರವೆಂಬಂತೆ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದೊಡನೆ ಮತ್ತೆ ಮಲಗಿದರು. ದಕ್ಷಿಣದಲ್ಲಿ ಈ ಕಾಯಿಲೆ ಅಪರೂಪ. ಅನುಮಾನವಿದ್ದರೆ ಗೋಧಿ ಬಿಡುವ ಮೊದಲೇ ರಕ್ತಪರೀಕ್ಷೆ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ.

ಇನ್ನು ಖಾರ. ಮಂಡಾಳು ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಇಲ್ಲದ ರಾಯಚೂರಿನ ಸಂಜೆಯನ್ನು ಊಹಿಸುವುದು ಕಷ್ಟ. “ಖಾರ ತಿಂದೇ ಅಲ್ಸರ್ ಆಯ್ತು” ಎಂಬ ಮಾತು ಮಾತ್ರ ಪೂರ್ತಿ ನಿಜವಲ್ಲ. ಜಠರದ ಹುಣ್ಣಿಗೆ ಬಹುಮಟ್ಟಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದನ್ನು ನಂಬದ ಜಗತ್ತಿಗೆ ತೋರಿಸಲು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ರೋಗಾಣುವಿನ ದ್ರಾವಣವನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡ! 2005ರಲ್ಲಿ ಅವನಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ನೋವುನಿವಾರಕ ಗುಳಿಗೆಗಳನ್ನು ಮನಬಂದಂತೆ ನುಂಗುವುದು ಹುಣ್ಣಿಗೆ ಇನ್ನೊಂದು ಕಾರಣ.

ಹುಣ್ಣಿಗೂ ಊಟಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಅಲ್ಲಿ ದುಡಿದ ಶಸ್ತ್ರವೈದ್ಯ ಫ್ರಾಂಕ್ ಟೋವಿ ಈ ಪ್ರಶ್ನೆಯ ಬೆನ್ನು ಹತ್ತಿದರು. ಅನ್ನ ಉಣ್ಣುವ ದಕ್ಷಿಣದಲ್ಲಿ ಕರುಳಿನ ಆರಂಭದ ಭಾಗದ ಹುಣ್ಣು ಹೆಚ್ಚು, ಹೊಟ್ಟು ತೆಗೆಯದ ಗೋಧಿ ಉಣ್ಣುವ ಉತ್ತರದಲ್ಲಿ ಕಡಿಮೆ ಎಂಬುದು ಅವರ ಕಣ್ಣಿಗೆ ಬಿತ್ತು. ಪ್ರಯೋಗಾಲಯದ ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಹುಣ್ಣಿನಿಂದ ಚೆನ್ನಾಗಿ ಕಾಪಾಡಿದ ಧಾನ್ಯಗಳಲ್ಲಿ ಒಂದು, ಬಡವರ ಕಾಳು ಎಂದು ಮೂಗು ಮುರಿಯುವ ಹುರಳಿ! ಆದರೆ ಇಲ್ಲೊಂದು ತಮಾಷೆಯಿದೆ. ಹುಣ್ಣಿನ ಹೊಟ್ಟೆಗೆ ಹಿತವೆನಿಸಿದ ಅದೇ ಹುರಳಿ ಕೆರಳಿದ ಕರುಳಿನವನಿಗೆ ರಾತ್ರಿಯಿಡೀ ವಾಯು ಎಬ್ಬಿಸಬಲ್ಲದು. ಅದಕ್ಕೇ ಒಬ್ಬರ ಪಥ್ಯವನ್ನು ಇನ್ನೊಬ್ಬರು ಕೇಳಿ ಬರೆದುಕೊಳ್ಳಬಾರದು.

ಒಂದು ನೋಟುಬುಕ್ಕು

ಹಾಗಾದರೆ ಮಾಡುವುದೇನು? ಮನೆಯಿಂದ ದುಡಿಯುವವನಿಗೆ ಹಾಸ್ಟೆಲ್ಲಿನವನಿಗಿಲ್ಲದ ಒಂದು ಅನುಕೂಲವಿದೆ: ತಟ್ಟೆಗೆ ಏನು ಬಿತ್ತೆಂದು ಗೊತ್ತು. ಎರಡು ರೂಲು ಎಳೆದ ಒಂದು ನೋಟುಬುಕ್ಕು ಸಾಕು. ಎಷ್ಟು ಹೊತ್ತಿಗೆ ಏನು ಉಂಡದ್ದು, ಹೊಟ್ಟೆ ಹೇಗಿತ್ತು, ಅಂದು ಕೆಲಸದ ಒತ್ತಡವೆಷ್ಟು. ಹದಿನೈದು ದಿನ ಬರೆದರೆ ಊಹೆಗೂ ಸತ್ಯಕ್ಕೂ ಇರುವ ದೂರ ಕಾಣುತ್ತದೆ. ಖಾರವನ್ನು ಬೈಯುತ್ತಿದ್ದವನಿಗೆ ದಿನಕ್ಕೆ ಎಂಟು ಸಲ ಕುಡಿಯುವ ಹಾಲು ಹಾಕಿದ ಚಹಾ ಆಗ ಕಣ್ಣಿಗೆ ಬೀಳಬಹುದು.

ಆಮೇಲೆ ವೈದ್ಯರ ಅಥವಾ ಆಹಾರತಜ್ಞರ ಸಲಹೆಯ ಮೇರೆಗೆ ಎರಡರಿಂದ ಆರು ವಾರ ಅನುಮಾನದ ಪದಾರ್ಥಗಳನ್ನು ಬಿಟ್ಟು, ಬಳಿಕ ಒಂದೊಂದನ್ನೇ ಮರಳಿ ತರುವುದು. ಮರಳಿ ತರುವ ಈ ಭಾಗವನ್ನೇ ಬಹಳ ಮಂದಿ ಮರೆಯುತ್ತಾರೆ. ಒಂದೊಂದೇ ಬಿಡುತ್ತ ಹೋಗಿ ಕೊನೆಗೆ ಗಂಜಿ, ಉಪ್ಪಿಗೆ ಬಂದು ನಿಂತು, ಕನ್ನಡಿಯಲ್ಲಿ ತಮ್ಮ ಗುರುತೇ ಸಿಗದಷ್ಟು ಸೊರಗಿದವರುಂಟು. ಬೆಳೆಯುವ ಮಕ್ಕಳಿಗಂತೂ ಈ ಪ್ರಯೋಗ ತಜ್ಞರಿಲ್ಲದೆ ಕೂಡದು.

ರುಚಿ ಬಿಡಬೇಕಾಗಿಲ್ಲ ಎಂಬುದು ಅಡುಗೆಮನೆಗೆ ಸಮಾಧಾನದ ಸುದ್ದಿ. ಬೆಳ್ಳುಳ್ಳಿಯ ತೊಂದರೆಯ ಶರ್ಕರ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಇಡೀ ಎಸಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಬಿಟ್ಟರೆ ಒಗ್ಗರಣೆಗೆ ಘಮ ಉಳಿಯುತ್ತದೆ, ಕಾಟ ಹೊರಗೆ ಹೋಗುತ್ತದೆ. ರೊಟ್ಟಿಯ ಜೊತೆ ಕಡಿಯುವ ಉಳ್ಳಾಗಡ್ಡಿ ತಪ್ಪಲಿನ ಹಸಿರು ಭಾಗ ಸಾಮಾನ್ಯವಾಗಿ ಒಗ್ಗುತ್ತದೆ, ಬಿಳಿ ಗಡ್ಡೆ ಒಗ್ಗದು. ಕಾಳುಗಳನ್ನು ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ ಬೇಯಿಸಿದರೆ ವಾಯುವಿನ ಒಂದು ಪಾಲು ಚರಂಡಿಗೆ ಹೋದಂತೆ. ಬೇಸಿಗೆಯ ಕಲ್ಲಂಗಡಿ ಮಾತ್ರ ತಂಪೆಂದು ನಂಬಿ ಹೊಟ್ಟೆತುಂಬ ತಿನ್ನುವಂಥದಲ್ಲ. ಮಲಬದ್ಧತೆ ಇದ್ದವರಿಗೆ ಇಸಬ್‌ಗೋಲ್ ನೀರಿನ ಜೊತೆ ನೆರವಾಗುತ್ತದೆ.

ಊಟದಷ್ಟೇ ಮುಖ್ಯ ಊಟದ ಹೊತ್ತು. ಬೆಳಗಿನ ತಿಂಡಿ ಹೊಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೆ ದೊಡ್ಡ ಕರುಳು ತಾನಾಗಿ ಎಚ್ಚೆತ್ತು ಕೆಲಸಕ್ಕೆ ಹೊರಡುತ್ತದೆ. ಅದೇ ಹೊತ್ತಿಗೆ ಕಚೇರಿಯ ಮೀಟಿಂಗು! ಕ್ಯಾಮರಾದ ಮುಂದಿನಿಂದ ಏಳಲಾರದೆ ತಡೆದುಕೊಂಡವನ ಕರುಳು ಕ್ರಮೇಣ ಕರೆಯುವುದನ್ನೇ ನಿಲ್ಲಿಸುತ್ತದೆ. ಅಮೆರಿಕದ ಹೊತ್ತಿಗೆ ಹೊಂದಿಕೊಂಡು ರಾತ್ರಿ ಹನ್ನೊಂದಕ್ಕೆ ಉಣ್ಣುವವರ ಕಥೆ ಬೇರೆ ಹೇಳಬೇಕಾಗಿಲ್ಲ. ತಿಂಡಿಯನ್ನು ಅರ್ಧ ತಾಸು ಹಿಂದಕ್ಕೆ ತಂದುಕೊಳ್ಳುವುದು, ಮಧ್ಯಾಹ್ನ ತಟ್ಟೆಯನ್ನು ಕಂಪ್ಯೂಟರಿನ ಕೋಣೆಗೆ ಒಯ್ಯದಿರುವುದು, ಸಂಜೆ ಬಿಸಿಲು ಇಳಿದ ಮೇಲೆ ಒಂದು ಸುತ್ತು ನಡೆಯುವುದು, ಇದಕ್ಕೆಲ್ಲ ಖರ್ಚಿಲ್ಲ. ಕಷ್ಟ ಮಾತ್ರ ಇದೆ, ಏಕೆಂದರೆ ಮನೆಯೇ ಕಚೇರಿಯಾದ ಮೇಲೆ ಕಚೇರಿ ಮುಚ್ಚುವ ಹೊತ್ತು ಯಾರಿಗೂ ಗೊತ್ತಿಲ್ಲ.

ಆ ಮೊದಲಿನ ಮನೆಯಲ್ಲಿಯೂ ಇಂಥ ನೋಟುಬುಕ್ಕು ಒಂದು ತೂಗುಬಿದ್ದರೆ ಅದರ ನಾಲ್ಕನೆಯ ವಾರದ ಪುಟ ಹೀಗಿದ್ದೀತು. ಸೋಮವಾರ: ಎರಡು ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ, ಹೊಟ್ಟೆ ಶಾಂತ. ಬುಧವಾರ: ಅರ್ಧ ಉಳ್ಳಾಗಡ್ಡಿ, ಸಂಜೆ ಸ್ವಲ್ಪ ಉಬ್ಬರ. ಗುರುವಾರ: ಉಳ್ಳಾಗಡ್ಡಿ ಇಲ್ಲ, ಉಬ್ಬರವೂ ಇಲ್ಲ. ಶುಕ್ರವಾರ ಮಗನ ಅಕ್ಷರವಿಲ್ಲ; ಮೀಟಿಂಗು ಮುಗಿಯದ್ದರಿಂದ ತಾಯಿಯೇ ಪೆನ್ನು ಹಿಡಿದು “ಊಟ ಮೂರಕ್ಕ” ಎಂದು ಬರೆದಿದ್ದಾಳೆ. ಭಾನುವಾರದ ಸಾಲಿನಲ್ಲಿ ‘ಮಿರ್ಚಿ, ಒಂದು’ ಎಂದಿದೆ. ಅದರ ಮುಂದಿನ ಜಾಗ ಇನ್ನೂ ಖಾಲಿ.