ಬಂಟ್ವಾಳದ ಮಲ್ಯರೂ ಜೂರಾ ದ್ವೀಪದ ವಿಸ್ಕಿಯೂ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಜೂರಾ ಎಂಬ ದ್ವೀಪವಿದೆ. ಜನ ಇನ್ನೂರರ ಆಸುಪಾಸು, ಜಿಂಕೆಗಳು ಐದು ಸಾವಿರಕ್ಕೂ ಮೇಲು. ಪಕ್ಕದ ಐಲಾ ದ್ವೀಪದಿಂದ ದೋಣಿ ದಾಟಿ, ಒಂದೇ ವಾಹನ ಹಿಡಿಸುವ ರಸ್ತೆಯಲ್ಲಿ ಸಾಗಿದರೆ ಕ್ರೇಗ್‌ಹೌಸ್ ಎಂಬ ಹಳ್ಳಿ. ಅಲ್ಲೊಂದು ವಿಸ್ಕಿ ಡಿಸ್ಟಿಲರಿ. 2007ರಿಂದ ಏಳು ವರ್ಷ ಅದರ ಯಜಮಾನಿಕೆ ಇದ್ದದ್ದು ನಮ್ಮ ಬಂಟ್ವಾಳ ಮೂಲದ ಮಲ್ಯ ಮನೆತನದ ಕಂಪನಿಗೆ.

ಜೂರಾದಲ್ಲಿ ಡಿಸ್ಟಿಲರಿ ಹುಟ್ಟಿದ್ದು 1810ರಲ್ಲಿ, ದ್ವೀಪದ ಧಣಿ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್‌ನಿಂದ. 1901ರಲ್ಲಿ ಗೇಣಿಗೆ ಹಿಡಿದವರಿಗೂ ಧಣಿಗಳಿಗೂ ಜಟಾಪಟಿಯಾಗಿ ಬಾಗಿಲು ಬಿತ್ತು. ಯಂತ್ರಗಳು ಹೋದವು. ಮುಂದೆ ಮಾಡನ್ನೂ ಇಳಿಸಿದರು. ಮಾಡಿಲ್ಲದ ಕಟ್ಟಡಕ್ಕೆ ತೆರಿಗೆ ಕಟ್ಟಬೇಕಿರಲಿಲ್ಲ! ಹೆಂಚಿನ ಊರಿನವರಾದ ನಮಗೂ ಹೊಳೆಯದ ಉಪಾಯ.

ಬರೀ ಗೋಡೆಗಳು ಮಳೆಗೆ ನೆನೆಯುತ್ತ ನಿಂತವು. ಕೆಲಸವಿಲ್ಲದೆ ಜನ ದ್ವೀಪ ಬಿಡತೊಡಗಿದಾಗ ರಾಬಿನ್ ಫ್ಲೆಚರ್ ಮತ್ತು ಟೋನಿ ರೈಲಿ-ಸ್ಮಿತ್ ಎಂಬಿಬ್ಬರು ಜಮೀನ್ದಾರರು ಡಿಸ್ಟಿಲರಿಯನ್ನು ಮತ್ತೆ ಕಟ್ಟಿಸಲು ಹೊರಟರು. (ಜಾರ್ಜ್ ಆರ್ವೆಲ್ ‘1984’ ಕಾದಂಬರಿ ಬರೆದದ್ದು ಇದೇ ಫ್ಲೆಚರ್‌ನ ಬಾಡಿಗೆ ಮನೆಯಲ್ಲಿ.) ವಿಲಿಯಂ ಡೆಲ್ಮೆ-ಇವಾನ್ಸ್ ನಕ್ಷೆ ಹಾಕಿಕೊಟ್ಟ. 1963ರಲ್ಲಿ ಮತ್ತೆ ಒಲೆ ಹೊತ್ತಿತು. ಲೇಬಲ್ಲಿನ ಮೇಲೆ 1810 ಎಂದಿರಬಹುದು, ಬಾಟಲಿಯೊಳಗಿನದು 1963ರ ಕೂಸು ಎಂಬುದು ನನ್ನ ಲೆಕ್ಕ.

ಈ ಕೂಸಿನ ಹಗುರ ರುಚಿಯ ಗುಟ್ಟು ತಾಮ್ರದ ಹಂಡೆಗಳಲ್ಲಿದೆ. ಎತ್ತರ ಸುಮಾರು 25 ಅಡಿ. ಬಾರ್ಲಿಯ ಹುಳಿರಸ ಕಾದು ಆವಿಯಾದಾಗ ಭಾರದ ಅಂಶಗಳು ಅಷ್ಟೆತ್ತರ ಏರಲಾರದೆ ತಣಿದು ಕೆಳಗೆ ಜಾರುತ್ತವೆ, ಹಗುರವಾದದ್ದು ಮಾತ್ರ ಕೊರಳು ದಾಟುತ್ತದೆ. ಹಾಗಾಗಿ ಜೂರಾದ್ದು ಹಗುರ ವಿಸ್ಕಿ. ಐಲಾದ ವಿಸ್ಕಿಗಳ ಗಾಢ ಹೊಗೆಘಾಟೂ ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ; ಆದರೆ ಆ ಘಾಟಿಗೆ ಕಾರಣ ಹಂಡೆಯಲ್ಲ, ಮೊಳಕೆ ಬಾರ್ಲಿಯನ್ನು ಒಣಗಿಸುವ ಪೀಟ್ ಹೊಗೆ.

ಇನ್ನು ಮಲ್ಯರ ಕಥೆ. 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ ಥಾಮಸ್ ಲೀಶ್‌ಮನ್ ಸ್ಕಾಟ್ಲೆಂಡಿನವನು. 1826ರಲ್ಲಿ ಮದರಾಸಿನಲ್ಲಿ ವ್ಯಾಪಾರ ಹೂಡಿದ ಆಂಗಸ್ ಮೆಕ್‌ಡೊವೆಲ್ ಕೂಡ ಅಲ್ಲಿಯವನೇ. ವಿಠಲ ಮಲ್ಯರು 1948ರಲ್ಲಿ ಮೊದಲನೆಯದರ ಅಧ್ಯಕ್ಷರಾದರು, 1951ರಲ್ಲಿ ಎರಡನೆಯದನ್ನು ಕೊಂಡರು. ಸದ್ದುಗದ್ದಲವಿಲ್ಲದ ವ್ಯವಹಾರ ಅವರದು. ಮಗನಿಗೆ ಆ ಗುಣ ಬರಲಿಲ್ಲ.

ಆ ಮಗ ವಿಜಯ ಮಲ್ಯರ ಮದ್ಯ ಕಂಪನಿ ಯುನೈಟೆಡ್ ಸ್ಪಿರಿಟ್ಸ್ 2007ರಲ್ಲಿ ವೈಟ್ ಆಂಡ್ ಮೆಕೇ ಎಂಬ ಸ್ಕಾಚ್ ಕಂಪನಿಯನ್ನು 59.5 ಕೋಟಿ ಪೌಂಡಿಗೆ ಕೊಂಡಿತು. ಅದರ ಡಾಲ್ಮೋರ್, ಫೆಟರ್‌ಕೇರ್ನ್ ಡಿಸ್ಟಿಲರಿಗಳ ಜತೆ ಜೂರಾವೂ ಬಂತು. ಮೇಲ್ನೋಟಕ್ಕೆ ಶೋಕಿ ಅನ್ನಿಸಿದರೂ ವ್ಯಾಪಾರದ ತರ್ಕವಿತ್ತು: ನಮ್ಮ ಬಹುತೇಕ ವಿಸ್ಕಿಯ ಬುಡ ಕಬ್ಬಿನ ಕಾಕಂಬಿಯ ಸ್ಪಿರಿಟ್, ಅದಕ್ಕೆ ಬೆರೆಸಲು ಸ್ಕಾಚ್ ಬೇಕು, ಅದರ ಬೆಲೆಯೋ ಏರುತ್ತಲೇ ಇತ್ತು. ತರ್ಕ ಸರಿಯಿದ್ದರೂ ಸಾಲದ ಹೊರೆ ಜಾಸ್ತಿಯಾಯಿತು.

ಮುಂದೆ ಯುನೈಟೆಡ್ ಸ್ಪಿರಿಟ್ಸ್ ಬ್ರಿಟನ್ನಿನ ಡಿಯಾಜಿಯೊ ಪಾಲಾಗುವ ಹೊತ್ತಿಗೆ, ಅಲ್ಲಿನ ಸ್ಪರ್ಧಾ ನಿಯಂತ್ರಕರು ಇಷ್ಟೊಂದು ಸ್ಕಾಚ್ ಒಂದೇ ಕೈಯಲ್ಲಿ ಸೇರುವುದಕ್ಕೆ ತಕರಾರು ತೆಗೆದರು. 2014ರಲ್ಲಿ ಫಿಲಿಪ್ಪೀನ್ಸಿನ ಬ್ರಾಂದಿ ಕಂಪನಿ ಎಂಪೆರಡಾರ್ ವೈಟ್ ಆಂಡ್ ಮೆಕೇಯ ಇಡೀ ಗಂಟನ್ನು 43 ಕೋಟಿ ಪೌಂಡಿಗೆ ಖರೀದಿಸಿತು. ಕೊಂಡ ಬೆಲೆಗಿಂತ 16.5 ಕೋಟಿ ಕಡಿಮೆ.