ಇಂಗ್ಲಿಷ್ ವಾಕ್ಯಗಳ ನಡುವೆ ಅಲ್ಪವಿರಾಮ, ಅರ್ಧವಿರಾಮ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ‘ದಿ ರೇನ್ಸ್ ಫೇಲ್ಡ್, ದಿ ಕ್ರಾಪ್ ಡ್ರೈಡ್ ಅಪ್’ ಎಂದು ಬರೆದಾಗ ಅಧ್ಯಾಪಕರ ಕೆಂಪು ಶಾಯಿ ಆ ಅಲ್ಪವಿರಾಮವನ್ನು ಸುತ್ತುವರಿಯುತ್ತದೆ. ಈ ದೋಷದ ಮೂಲವು ಅಜ್ಞಾನವಲ್ಲ, ಮಾತೃಭಾಷೆಯ ರೂಢಿ. ‘ಮಳೆ ಕೈಕೊಟ್ಟಿತು, ಬೆಳೆ ಒಣಗಿತು’ ಎಂಬ ಕನ್ನಡ ವಾಕ್ಯವನ್ನು ಯಾರೂ ತಪ್ಪೆನ್ನರು. ‘ಮಳೆ ಕೈಕೊಟ್ಟು ಬೆಳೆ ಒಣಗಿತು’ ಎಂದು ಕೃದಂತದಿಂದ ಹೆಣೆದರಂತೂ ಯಾವ ಚಿಹ್ನೆಯೂ ಬೇಕಿಲ್ಲ.

ನಮ್ಮ ಬರವಣಿಗೆಗೆ ಈ ಚಿಹ್ನೆಗಳು ಬಂದುದೇ ಮುದ್ರಣದ ಜೊತೆಯಲ್ಲಿ. ತಾಳೆಗರಿಗಳಲ್ಲಿ ವಚನಗಳು ಒಂದೇ ಓಟದಲ್ಲಿ ಲಿಖಿತವಾಗಿದ್ದವು. ವಿಜಯಪುರದಲ್ಲಿ ನೆಲೆಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರಂಥ ಸಂಪಾದಕರು ಎಲ್ಲಿ ನಿಲ್ಲಬೇಕೆಂಬುದನ್ನು ಅರ್ಥದ ಬಲದಿಂದಲೇ ನಿರ್ಣಯಿಸಬೇಕಾಗಿತ್ತು.

ಇಂಗ್ಲಿಷಿನ ಕಟ್ಟಳೆ ಬೇರೆ. ಕರ್ತೃ, ಕ್ರಿಯಾಪದಗಳಿಂದ ಪೂರ್ಣವಾದ ಎರಡು ಸ್ವತಂತ್ರ ವಾಕ್ಯಗಳನ್ನು ಬರಿಯ ಅಲ್ಪವಿರಾಮವು ಹಿಡಿದಿಡಲಾರದು. ಅದರೊಡನೆ ‘ಆಂಡ್’, ‘ಬಟ್’, ‘ಸೋ’ ಮೊದಲಾದ ಸಂಯೋಜಕವಿರಬೇಕು. ಇಲ್ಲವೆ ಅದರ ಸ್ಥಾನದಲ್ಲಿ ಅರ್ಧವಿರಾಮವೋ ಪೂರ್ಣವಿರಾಮವೋ ಬರಬೇಕು. ‘ಸೋ’ ಎಂದರೆ ಕಾರಣವನ್ನು ಬಾಯಿಬಿಟ್ಟು ಹೇಳಿದಂತೆ. ಅರ್ಧವಿರಾಮವಾದರೆ ಸಂಬಂಧವನ್ನು ಓದುಗನ ಊಹೆಗೆ ಬಿಟ್ಟಂತೆ.

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ಸಾಲದ ಅವಧಿ ವಿಸ್ತರಣೆ ಕೋರಿ ರೈತನೊಬ್ಬನ ಮಗ ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಹೀಗೆ ಬರೆದನೆನ್ನೋಣ: ‘ದಿ ವೆಲ್ ಡ್ರೈಡ್ ಅಪ್, ಆಫ್ಟರ್ ದಿ ಹಾರ್ವೆಸ್ಟ್, ದಿ ಫ್ಯಾಮಿಲಿ ಲೆಫ್ಟ್ ಫಾರ್ ಗೋವಾ.’ ಸುಗ್ಗಿಯ ನಂತರ ನಡೆದುದೇನು? ಬಾವಿ ಬತ್ತಿದುದೋ, ಮನೆಮಂದಿ ಗುಳೆ ಹೋದುದೋ? ‘ಡ್ರೈಡ್ ಅಪ್’ ಆದ ಮೇಲೆ ಅರ್ಧವಿರಾಮವಿಟ್ಟರೆ ಸುಗ್ಗಿಯ ಮಾತು ಗುಳೆಗೆ ಸೇರುತ್ತದೆ. ಬಾವಿ ಅದಕ್ಕೆ ಮೊದಲೇ ಬತ್ತಿತೆಂಬ ಅರ್ಥ ಹೊರಟು, ಬೆಳೆನಷ್ಟದ ವಾದ ನಿಲ್ಲುತ್ತದೆ. ‘ಹಾರ್ವೆಸ್ಟ್’ ಆದ ಮೇಲೆ ಇಟ್ಟರೆ ಬೆಳೆ ಕೈಸೇರಿದ ಮೇಲೆ ಬಾವಿ ಬತ್ತಿದಂತಾಗುತ್ತದೆ. ಎಲ್ಲೆಡೆ ಅಲ್ಪವಿರಾಮವೇ ಇದ್ದರೆ ಅರ್ಜಿ ಓದುವ ಅಧಿಕಾರಿ ತನಗೆ ತೋಚಿದಂತೆ ಓದಿಕೊಳ್ಳುವನು.

ಹೆಚ್ಚು ಎಡವಿಸುವ ಪದ ‘ಹೌಎವರ್’. ನಮ್ಮವರು ಅದನ್ನು ‘ಬಟ್’ ಪದದ ತೂಕಕ್ಕೇ ಬಳಸುತ್ತಾರೆ, ಏಕೆಂದರೆ ಎರಡಕ್ಕೂ ಕನ್ನಡದಲ್ಲಿ ‘ಆದರೆ’ ಎಂದೇ ಅರ್ಥ ಹೇಳಿಕೊಡುವುದುಂಟು. ವ್ಯಾಕರಣದಲ್ಲಿ ಅದು ಸಂಯೋಜಕವಲ್ಲ, ಕ್ರಿಯಾವಿಶೇಷಣ. ಇಂಡಿಯ ಲಿಂಬೆಯನ್ನೇ ಉದಾಹರಿಸುವುದಾದರೆ, ‘ದಿ ಲೈಮ್ ಕ್ರಾಪ್ ವಾಸ್ ಗುಡ್, ಬಟ್ ದಿ ಪ್ರೈಸ್ ಫೆಲ್’ ಸರಿ; ‘ಬಟ್’ ತೆಗೆದು ‘ಹೌಎವರ್’ ಇಟ್ಟೊಡನೆ ಅದರ ಹಿಂದೆ ಅರ್ಧವಿರಾಮವೂ ಮುಂದೆ ಅಲ್ಪವಿರಾಮವೂ ಬೇಕು. ‘ದೇರ್‌ಫೋರ್’ ಪದಕ್ಕೂ ಇದೇ ನಿಯಮ.

ವಿನಾಯಿತಿಯೂ ಉಂಟು. ಜೂಲಿಯಸ್ ಸೀಸರನ ಪ್ರಸಿದ್ಧ ಮೂರು ತುಂಡು ಮಾತಿನಂತೆ, ಒಂದೇ ಅಚ್ಚಿನ ಅತಿ ಚಿಕ್ಕ ವಾಕ್ಯಗಳು ಸಾಲಾಗಿ ಬಂದಾಗ ಇಂಗ್ಲಿಷೂ ಅಲ್ಪವಿರಾಮವನ್ನೇ ಒಪ್ಪುತ್ತದೆ. ಅದನ್ನು ಮೊದಲ ವರ್ಷವೇ ಹೇಳಿಕೊಡುವ ಅವಸರ ಬೇಡ.